ಕಿಣ್ವಕ್ಕೊಂದು ಮಾದರಿ



ಹೆಚ್ಚಿದ ಬದನೆಕಾಯಿಯನ್ನು ಕೂಡಲೇ ನೀರಿಗೆ ಹಾಕದಿದ್ದರೆ ಕಪ್ಪಾಗುತ್ತದೆ ಎಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಆ ಕಪ್ಪಿನ ಹಿಂದೆ ಇರುವುದು ತಾಮ್ರದ ಎರಡು ಪರಮಾಣುಗಳನ್ನು ಇಟ್ಟುಕೊಂಡ ಒಂದು ಕಿಣ್ವ. ಅದೇ ಬಳಗದ ಟೈರೋಸಿನೇಸ್ ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಮೆಲನಿನ್ ತಯಾರಿಕೆಗೆ ಬೇಕು. ಏಡಿಯ ರಕ್ತ ನೀಲಿಯಾಗುವುದೂ ಇಂಥದೇ ಜೋಡಿ ತಾಮ್ರದಿಂದ. ಅಲ್ಲಿ ಪ್ರೋಟೀನಿನ ಹೆಸರು ಹಿಮೋಸಯನಿನ್, ಕೆಲಸ ಆಮ್ಲಜನಕವನ್ನು ಹೊರುವುದು. ಸಾವಿರಾರು ಪರಮಾಣುಗಳ ಇಂಥ ಪ್ರೋಟೀನಿನಲ್ಲಿ ರಾಸಾಯನಿಕ ಕ್ರಿಯೆ ನಡೆಯುವ ಜಾಗ ತೀರ ಚಿಕ್ಕದು. ಆ ಜಾಗವನ್ನಷ್ಟೇ ಗಾಜಿನ ಪಾತ್ರೆಯಲ್ಲಿ ಕಟ್ಟಲು ಹೊರಟವರ ಕೆಲಸವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ಸೋಲು. ಹಿಮೊಗ್ಲೋಬಿನ್ ಕಿಣ್ವವಲ್ಲ, ಆದರೂ ಮಾದರಿ ಕಟ್ಟುವ ಈ ಶಾಸ್ತ್ರ ತನ್ನ ಮೊದಲ ಪಾಠಗಳನ್ನು ಕಲಿತದ್ದು ಅದರಿಂದಲೇ. ಅದರೊಳಗಿನ ಹೀಮ್ ಅನ್ನು, ಅಂದರೆ ಪೋರ್ಫಿರಿನ್ ಉಂಗುರದ ನಡುವೆ ಕಬ್ಬಿಣ ಕೂತ ಭಾಗವನ್ನು, ಬೇರ್ಪಡಿಸಿ ದ್ರಾವಣದಲ್ಲಿಟ್ಟು ಆಮ್ಲಜನಕ ಹಾಯಿಸಿದರೆ, ಹಿಡಿದದ್ದನ್ನು ಅದು ಬಿಟ್ಟುಕೊಡುವುದಿಲ್ಲ. ಎರಡು ಹೀಮ್‌ಗಳು ಒಂದೇ ಆಮ್ಲಜನಕದ ಅಣುವನ್ನು ಎರಡು ಕಡೆಯಿಂದ ಹಿಡಿದು ಸೀಳಿ, ಕಬ್ಬಿಣ-ಆಮ್ಲಜನಕ-ಕಬ್ಬಿಣ ಎಂಬ ಕೊಂಡಿಯಾಗಿ ಕೂತುಬಿಡುತ್ತವೆ. ಹಾಗಾದರೆ ಎರಡು ಹೀಮ್‌ಗಳು ಎದುರುಬದುರಾಗದಂತೆ ತಡೆಯುವುದೇ ಪ್ರೋಟೀನಿನ ಒಂದು ಮುಖ್ಯ ಕೆಲಸವಾಗಿರಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಕೊಲ್ಮನ್ 1973ರಲ್ಲಿ ಆ ಒಂದು ಕೆಲಸವನ್ನಷ್ಟೇ ಕೈಗೆತ್ತಿಕೊಂಡರು. ಪೋರ್ಫಿರಿನ್ ಉಂಗುರದ ಒಂದು ಮುಖದ ಮೇಲೆ ನಾಲ್ಕು ದಪ್ಪ ಗುಂಪುಗಳನ್ನು ಬೇಲಿಗೂಟಗಳಂತೆ ನಿಲ್ಲಿಸಿದರು. ಇನ್ನೊಂದು ಮುಖಕ್ಕೆ ಇಮಿಡಜೋಲ್ ಕೊಟ್ಟರು. ಬೇಲಿಯೊಳಗೆ ಆಮ್ಲಜನಕ ಬಂದು ಹೋಗಬಹುದು, ಮತ್ತೊಂದು ಕಬ್ಬಿಣಕ್ಕೆ ಅಲ್ಲಿ ಎಡೆಯಿಲ್ಲ. ಪ್ರೋಟೀನ್ ಇಲ್ಲದೆಯೇ ಕಬ್ಬಿಣ ಆಮ್ಲಜನಕವನ್ನು ಹಿಡಿದು ಬಿಟ್ಟಿತು.

ತಾಮ್ರದ ಕಥೆ ನನಗೆ ಇದಕ್ಕಿಂತಲೂ ಪ್ರಿಯ. ಹಿಮೋಸಯನಿನ್ ಆಮ್ಲಜನಕ ಹಿಡಿದಾಗ ಎರಡು ತಾಮ್ರಗಳ ನಡುವೆ ಸುಮಾರು 3.6 ಆಂಗ್‌ಸ್ಟ್ರಾಮ್ ದೂರವಿರುತ್ತದೆ, ಆಮ್ಲಜನಕ ಪೆರಾಕ್ಸೈಡ್ ರೂಪದಲ್ಲಿರುತ್ತದೆ ಎಂಬುದು ತಿಳಿದಿತ್ತು. ಅದು ಅಲ್ಲಿ ಹೇಗೆ ಕೂತಿದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅಂದು ಚಾಲ್ತಿಯಲ್ಲಿದ್ದ ಚಿತ್ರದಲ್ಲಿ ಆಮ್ಲಜನಕದ ಒಂದೊಂದು ಪರಮಾಣು ಒಂದೊಂದು ತಾಮ್ರವನ್ನು ಹಿಡಿದಿತ್ತು. ಪ್ರೋಟೀನಿನ ಕಾಂತೀಯ ಗುಣವನ್ನು ವಿವರಿಸಲು ಹೈಡ್ರಾಕ್ಸೈಡಿನ ಸೇತುವೆಯೊಂದನ್ನೂ ಸೇರಿಸಿದ್ದರು. 1989ರಲ್ಲಿ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ನೊಬುಮಾಸ ಕಿತಾಜಿಮ ಮತ್ತು ಸಂಗಡಿಗರು ಹೊಸ ಸಂಕೀರ್ಣವೊಂದನ್ನು ಹರಳಾಗಿಸಿದರು. ಪ್ರೋಟೀನಿನಲ್ಲಿ ಪ್ರತಿ ತಾಮ್ರಕ್ಕೆ ಮೂರು ಹಿಸ್ಟಿಡಿನ್‌ಗಳ ನೈಟ್ರೋಜನ್ ಆಸರೆಯಾದರೆ, ಇಲ್ಲಿ ಬೋರಾನಿಗೆ ಕಟ್ಟಿದ ಮೂರು ಪೈರಜೋಲ್ ಉಂಗುರಗಳು ಆಸರೆ ಕೊಟ್ಟವು. ಆಮ್ಲಜನಕದ ಅಣು ತಾಮ್ರಗಳ ನಡುವೆ ಅಡ್ಡವಾಗಿ ಮಲಗಿತ್ತು. ಅದರ ಎರಡೂ ಪರಮಾಣುಗಳು ಎರಡೂ ತಾಮ್ರಗಳನ್ನು ಮುಟ್ಟಿದ್ದವು. ತಾಮ್ರಗಳ ನಡುವಿನ ದೂರ 3.56 ಆಂಗ್‌ಸ್ಟ್ರಾಮ್. ಆಮ್ಲಜನಕ ಬಂಧದ ಕಂಪನ ಸೆಂಟಿಮೀಟರಿಗೆ 741 ಅಲೆ, ಪ್ರೋಟೀನಿನಲ್ಲಿ ಸುಮಾರು 750. ಯಾವ ಹೈಡ್ರಾಕ್ಸೈಡ್ ಸೇತುವೆಯೂ ಬೇಕಾಗಲಿಲ್ಲ. ಐದು ವರ್ಷದ ನಂತರ, 1994ರಲ್ಲಿ, ಹಾರ್ಸ್‌ಶೂ ಏಡಿಯ ಹಿಮೋಸಯನಿನ್ ರಚನೆ ಆಮ್ಲಜನಕದ ಸಮೇತ ಪ್ರಕಟವಾಯಿತು. ಅಲ್ಲಿಯೂ ಅದು ಹಾಗೆಯೇ ಅಡ್ಡ ಮಲಗಿತ್ತು. ಪ್ರೋಟೀನನ್ನು ನೋಡಿ ಮಾದರಿ ಮಾಡುವುದು ರೂಢಿ. ಇಲ್ಲಿ ಪ್ರೋಟೀನಿನಲ್ಲಿ ಏನನ್ನು ಹುಡುಕಬೇಕೆಂದು ಮಾದರಿಯೇ ತೋರಿಸಿಕೊಟ್ಟಿತು. ನಿರವಯವ ರಸಾಯನಶಾಸ್ತ್ರ ಜೀವಶಾಸ್ತ್ರಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಇದನ್ನು ನಾನು ತುಂಬ ಎತ್ತರದಲ್ಲಿ ಇಡುತ್ತೇನೆ.

ಈ ಮಾದರಿಗಳು ಕಿಣ್ವದಷ್ಟು ದುಡಿಯುತ್ತವೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬಹುಪಾಲು ಇಲ್ಲ. ನಮ್ಮ ಕೆಂಪು ರಕ್ತಕಣಗಳಲ್ಲಿರುವ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಸತುವಿನ ಕಿಣ್ವದ ಒಂದೇ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಬದಲಾಯಿಸುತ್ತದೆ. ತಾಮ್ರದ ಹೆಚ್ಚಿನ ಮಾದರಿಗಳಾದರೋ ಚಳಿಯಲ್ಲಿ, ನೀರಿನ ಪಸೆಯಿಲ್ಲದ ದ್ರಾವಕದಲ್ಲಿ ಮಾತ್ರ ಬಾಳುತ್ತವೆ. ಟೈರೋಸಿನೇಸ್ ಮಾಡುವ ಕೆಲಸವನ್ನು ಮಾಡಿ ತೋರಿಸಿದ, ಸ್ಟ್ಯಾನ್‌ಫರ್ಡ್‌ನ ಡ್ಯಾನಿಯಲ್ ಸ್ಟ್ಯಾಕ್ ಬಳಗದ 2005ರ ಸಂಕೀರ್ಣವನ್ನು ಸೊನ್ನೆಗಿಂತ 120 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಟ್ಟು ನೋಡಬೇಕಾಯಿತು. ಆದರೆ ಆ ಚಳಿಯೇ ಉಪಕಾರಿ. ಕಿಣ್ವದಲ್ಲಿ ಕಣ್ಣಿಗೆ ಸಿಗದೆ ಸರಿದುಹೋಗುವ ಹಂತ ಅಲ್ಲಿ ನಿಂತು, ತನ್ನನ್ನು ಅಳೆಯಲು ಬಿಡುತ್ತದೆ. ವೇಗವೊಂದನ್ನೇ ಅಳತೆಗೋಲು ಮಾಡಿಕೊಂಡು ಮಾದರಿಗಳನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ.

ಜಲಜನಕವನ್ನು ಉತ್ಪಾದಿಸುವ ಹೈಡ್ರೋಜನೇಸ್ ಕಿಣ್ವದ ವಿಷಯ ನೋಡಿ. ಪ್ಲಾಟಿನಂ ಮಾಡುವ ಕೆಲಸವನ್ನು ಅದು ಕಬ್ಬಿಣದಿಂದ ಮಾಡುತ್ತದೆ. 1998-99ರಲ್ಲಿ ಅದರ ರಚನೆ ಹೊರಬಿದ್ದಾಗ ಕಂಡದ್ದು ಗಂಧಕದ ಎರಡು ಪರಮಾಣುಗಳು ಬೆಸೆದ ಜೋಡಿ ಕಬ್ಬಿಣ, ಅದಕ್ಕೆ ಅಂಟಿದ ಕಾರ್ಬನ್ ಮೊನಾಕ್ಸೈಡ್ ಮತ್ತು ಸಯನೈಡ್. ಇದನ್ನು ತುಂಬ ಹೋಲುವ ಸಂಯುಕ್ತವನ್ನು ಜರ್ಮನಿಯ ರೈಲೆನ್ ಬಳಗ 1929ರಲ್ಲೇ, ಕಿಣ್ವದ ಯೋಚನೆಯೇ ಇಲ್ಲದೆ ತಯಾರಿಸಿತ್ತು! ಒಂದು ಗೊಂದಲ ಮಾತ್ರ ಉಳಿದಿತ್ತು: ಗಂಧಕಗಳನ್ನು ಕೂಡಿಸುವ ಕೊಂಡಿಯ ನಡುವಿನ ಪರಮಾಣು ಕಾರ್ಬನ್ನೋ, ನೈಟ್ರೋಜನ್ನೋ, ಆಮ್ಲಜನಕವೋ? ಕ್ಷ-ಕಿರಣಕ್ಕೆ ಈ ಮೂರರ ವ್ಯತ್ಯಾಸ ಸ್ಪಷ್ಟವಾಗಲಿಲ್ಲ. 2013ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಮೂರೂ ಬಗೆಯ ಸಂಕೀರ್ಣಗಳನ್ನು ತಯಾರಿಸಿ, ಹಸಿರು ಪಾಚಿಯ ಹೈಡ್ರೋಜನೇಸಿನ ಖಾಲಿ ಪ್ರೋಟೀನಿನೊಳಗೆ ಒಂದೊಂದಾಗಿ ಕೂರಿಸಿದರು. ನೈಟ್ರೋಜನ್ ಇದ್ದದ್ದು ಮಾತ್ರ ಕಿಣ್ವಕ್ಕೆ ಪೂರ್ತಿ ಜೀವ ತಂದಿತು.

ಕಾಲೇಜಿನ ಅಧ್ಯಾಪಕರಿಗೆ ಒಂದು ಕೋರಿಕೆ. ಸ್ಯಾಲಿಸಿಲಾಲ್ಡಿಹೈಡ್, ಎಥಿಲೀನ್ ಡೈಅಮೀನ್, ಕೋಬಾಲ್ಟ್ ಅಸಿಟೇಟ್ ಇದ್ದರೆ ಕೋಬಾಲ್ಟ್ ಸಾಲೆನ್ ಸಂಕೀರ್ಣ ತಯಾರಿಸಬಹುದು. ಇದು ಆಮ್ಲಜನಕವನ್ನು ಹಿಡಿದು ಬಿಡುತ್ತದೆ ಎಂದು ಜಪಾನಿನ ಟ್ಸುಮಾಕಿ 1938ರಲ್ಲಿ ಬರೆದರು. ನೈಟ್ರೋಜನ್ ಹಾಯಿಸುತ್ತ ತಯಾರಿಸಿ, ಡೈಮೀಥೈಲ್ ಸಲ್ಫಾಕ್ಸೈಡಿನಲ್ಲಿ ಕದಡಿ, ಅದು ಎಷ್ಟು ಆಮ್ಲಜನಕ ಹೀರುತ್ತದೆಂದು ವಿದ್ಯಾರ್ಥಿಗಳಿಂದಲೇ ಅಳೆಸಿ. ಎರಡು ಕೋಬಾಲ್ಟಿಗೆ ಒಂದು ಆಮ್ಲಜನಕದ ಅಣು ಎಂಬ ಲೆಕ್ಕ ಬರಬೇಕು. ಆಮೇಲೆ ಕ್ಲೋರೋಫಾರ್ಮ್ ಸೇರಿಸಿದರೆ ಅದೇ ಆಮ್ಲಜನಕ ಗುಳ್ಳೆಗಳಾಗಿ ಹೊರಬರುತ್ತದೆ.