ಕೊನೆಯ ಗುಂಡಿಯನ್ನು ಅವನೇ ಹಾಕಲಿ
(ಲೂರ್ದು ಮಾತೆಯ ಹಬ್ಬದ ಪ್ರಬೋಧನೆ)



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ಈ ಪೂಜೆಯಲ್ಲಿ ನಾವು ಕ್ಯಾನ್ಸರ್ ರೋಗಿಗಳಿಗಾಗಿ, ಹೃದ್ರೋಗಿಗಳಿಗಾಗಿ ತಪ್ಪದೆ ಪ್ರಾರ್ಥಿಸುತ್ತೇವೆ. ಆದರೆ ಬೈಕಿನಿಂದ ಬಿದ್ದು, ಕಟ್ಟಡದ ಮೇಲಿಂದ ಜಾರಿ, ಇಲ್ಲವೇ ಪಾರ್ಶ್ವವಾಯು ಬಡಿದು ಮಿದುಳಿಗೆ ಪೆಟ್ಟಾದವರನ್ನು ನೆನೆಯುವುದು ಕಡಿಮೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ "ದೇವರು ದೊಡ್ಡವನು, ಜೀವ ಉಳಿಯಿತು" ಎಂದು ಕೃತಜ್ಞತೆಯ ಪೂಜೆ ಇಡಿಸುತ್ತೇವೆ. ಆಮೇಲಿನ ವರ್ಷಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಮಾರ್ಕನ ಶುಭಸಂದೇಶದ ಎಂಟನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನೊಬ್ಬನ ಪ್ರಸಂಗವಿದೆ. ಯೇಸುಸ್ವಾಮಿ ಅವನ ಕೈಹಿಡಿದು ಊರ ಹೊರಗೆ ಕರೆದೊಯ್ಯುತ್ತಾರೆ. ಒಮ್ಮೆ ಮುಟ್ಟಿ, ಏನಾದರೂ ಕಾಣುತ್ತಿದೆಯೇ ಎಂದು ಅವನನ್ನೇ ಕೇಳುತ್ತಾರೆ. ಅವನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಮಸುಕಾಗಿ ಕಾಣುತ್ತಾರೆ. ಸ್ವಾಮಿ ಮತ್ತೊಮ್ಮೆ ಮುಟ್ಟಿದ ಮೇಲೆ ಎಲ್ಲವೂ ಸ್ಪಷ್ಟವಾಗುತ್ತದೆ. ಒಂದೇ ಮಾತಿನಿಂದ ಬಿರುಗಾಳಿಯನ್ನು ಅಡಗಿಸಿದವರು ಇಲ್ಲಿ ಎರಡು ಸಲ ಮುಟ್ಟಿದರು. ಮಿದುಳಿನ ಪೆಟ್ಟಿನಿಂದ ಚೇತರಿಸಿಕೊಳ್ಳುವುದೂ ಹೀಗೆಯೇ ಹಂತಹಂತವಾಗಿ. ಮೊದಲ ತಿಂಗಳುಗಳಲ್ಲಿ ಬೇಗ, ಆಮೇಲೆ ನಿಧಾನ, ಆದರೆ ವರ್ಷಗಳ ಮೇಲೂ ಹೊಸದನ್ನು ಕಲಿಯಲು ಸಾಧ್ಯ.

ಅಂಥ ಮನೆಯೊಂದನ್ನು ಊಹಿಸಿಕೊಳ್ಳಿ. ಮಗನಿಗೆ ಇಪ್ಪತ್ತೆಂಟು ವರ್ಷ. ಕೈಕಾಲು ಆಡುತ್ತವೆ. ಆದರೂ ತಾಯಿಯೇ ಹಲ್ಲುಜ್ಜಿಸಿ, ಸ್ನಾನ ಮಾಡಿಸಿ, ತುತ್ತು ಕೊಡುತ್ತಾಳೆ. ಅದು ಪ್ರೀತಿಯೇ, ಸಂದೇಹವಿಲ್ಲ. ಅವನು ಮಾಡಿದರೆ ಅರ್ಧ ಗಂಟೆ, ಅವಳು ಮಾಡಿದರೆ ಐದು ನಿಮಿಷ. ಗಂಡನಿಗೆ ಕೆಲಸಕ್ಕೆ ಬುತ್ತಿಯೂ ಆಗಬೇಕಲ್ಲ! ಆದರೆ ಆ ತಾಯಿ ರಾತ್ರಿ ನಿದ್ದೆಯಿಲ್ಲದೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನನ್ನ ನಂತರ ಇವನನ್ನು ಯಾರು ನೋಡುತ್ತಾರೆ?

ಈ ಪ್ರಶ್ನೆಗೆ ಉತ್ತರ ಅಂಗಿಯ ಗುಂಡಿಯಿಂದ ಶುರುವಾಗಬಹುದು. ಪುನಶ್ಚೇತನದ ಕೆಲಸದಲ್ಲಿರುವವರು ಬಳಸುವ ಕ್ರಮವೊಂದಿದೆ. ತಾಯಿ ಎಲ್ಲ ಗುಂಡಿಗಳನ್ನೂ ಹಾಕಿ ಕೊನೆಯದೊಂದನ್ನು ಮಗನಿಗೆ ಬಿಡಬೇಕು. ಅದು ಕೈವಶವಾದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಪ್ರತಿಸಲವೂ ಕೆಲಸ ಮುಗಿಯುವುದು ಅವನ ಕೈಯಿಂದಲೇ, ಆದ್ದರಿಂದ ಗೆದ್ದ ಸಂತೋಷವೂ ಅವನದೇ. ಚಹಾ ಮಾಡುವುದನ್ನು ಕಲಿಸುವುದಾದರೆ ಪಾತ್ರೆ, ಸಕ್ಕರೆ, ಪುಡಿ ದಿನವೂ ಅದೇ ಜಾಗದಲ್ಲಿರಲಿ, ಕ್ರಮವೂ ಅದೇ ಇರಲಿ. ಹಂತಗಳನ್ನು ದೊಡ್ಡ ಅಕ್ಷರದಲ್ಲಿ ಬರೆದೋ ಚಿತ್ರ ಬಿಡಿಸಿಯೋ ಗೋಡೆಗೆ ಅಂಟಿಸಿ. ಒಲೆಯ ಬಳಿ ಮಾತ್ರ ಜೊತೆಗೊಬ್ಬರು ನಿಂತಿರಲಿ. "ಮುಂದೇನು, ಹೇಳು ನೋಡೋಣ" ಎಂದು ಪರೀಕ್ಷೆ ಮಾಡಬೇಡಿ. ನೆನಪು ದುರ್ಬಲವಾದವರು ಊಹಿಸಿ ತಪ್ಪು ಹೇಳಿದರೆ ಕೆಲವೊಮ್ಮೆ ಆ ತಪ್ಪೇ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಸರಿಯಾದುದನ್ನು ಮೊದಲೇ ತೋರಿಸಿ, ಆಮೇಲೆ ಮಾಡಲು ಬಿಡಿ. ಮಾತ್ರೆಗಳಿಗೆ ವಾರದ ದಿನಗಳ ಡಬ್ಬಿ, ಹೊತ್ತು ನೆನಪಿಸಲು ಮೊಬೈಲಿನ ಅಲಾರಂ ಸಾಕು. ಇಂಥವರಿಗೆ ದಣಿವು ಬಹಳ, ಆದ್ದರಿಂದ ಕಲಿಸುವುದು ಬೆಳಗಿನ ಹೊತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ.

ಇನ್ನೊಂದು ಮಾತು. ಕುಳಿತಲ್ಲೇ ಕುಳಿತಿರುವವನನ್ನು "ಸೋಮಾರಿ" ಎನ್ನುತ್ತೇವೆ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಕೆಲಸ ಆರಂಭಿಸುವ ಶಕ್ತಿಯೇ ಕುಂದಬಹುದು. ತಟ್ಟೆಯ ಎಡಭಾಗದ ಅನ್ನವನ್ನು ಮುಟ್ಟದೆ ಏಳುವವನಿಗೆ ಹಸಿವಿಲ್ಲವೆಂದೇನಲ್ಲ. ಕಣ್ಣು ಸರಿಯಿದ್ದರೂ ಎಡಗಡೆ ಅವನ ಗಮನಕ್ಕೇ ಬಂದಿರುವುದಿಲ್ಲ. ಮೊದಲು ಶಾಂತನಾಗಿದ್ದವನು ಸಿಡುಕನಾದರೆ ದೆವ್ವ ಹಿಡಿದಿದೆಯೆಂದೋ, ಯಾರದೋ ಪಾಪದ ಫಲವೆಂದೋ ಗುಸುಗುಸು ನಡೆಯುತ್ತದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹೀಗೆಯೇ ಕೇಳಿದಾಗ ಯೇಸುಸ್ವಾಮಿ ಅದನ್ನು ಒಪ್ಪಲಿಲ್ಲ. ಕರೆದೊಯ್ಯಬೇಕಾದುದು ಮಾಟ ತೆಗೆಯುವವನ ಬಳಿಗಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪುನಶ್ಚೇತನ ವಿಭಾಗವಿದೆ. ದೂರವಾದರೆ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಉಂಟೇ ಎಂದು ವಿಚಾರಿಸಿ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಒಪ್ಪುವವರೆಗೆ ಬೈಕಿನ ಕೀಲಿಕೈಯನ್ನು ಅವನಿಗೆ ಕೊಡಬೇಡಿ.

ಪುಣ್ಯಕ್ಷೇತ್ರಕ್ಕೆ ಹೋದರೆ ಇದೆಲ್ಲ ಬೇಕಿಲ್ಲವಲ್ಲ ಎನ್ನುವವರೂ ಇದ್ದಾರೆ. ಲೂರ್ದಿಗೆ ಕೋಟ್ಯಂತರ ಜನ ಹೋಗಿ ಬಂದಿದ್ದಾರೆ. ಧರ್ಮಸಭೆ ಪವಾಡವೆಂದು ಅಧಿಕೃತವಾಗಿ ಒಪ್ಪಿರುವುದು ಎಪ್ಪತ್ತಕ್ಕೆ ತುಸು ಹೆಚ್ಚು ಮಾತ್ರ. ಆ ಬುಗ್ಗೆಯಾದರೂ ಹೇಗೆ ಸಿಕ್ಕಿತು? 1858ರ ಫೆಬ್ರವರಿ 25ರಂದು ಮಾತೆ ತೋರಿಸಿದ ಜಾಗವನ್ನು ಬೆರ್ನದೆತ್ ಕೈಯಿಂದಲೇ ಕೆರೆದಳು. ಬಂದದ್ದು ಕೆಸರು. ಮೂರು ಸಲ ಚೆಲ್ಲಿ, ನಾಲ್ಕನೆಯ ಸಲ ಕುಡಿದಳು. ಕೆಸರು ಮೆತ್ತಿದ ಮುಖ ನೋಡಿ ಜನ ಅವಳಿಗೆ ಹುಚ್ಚು ಎಂದರು. ನೀರು ತಿಳಿಯಾದದ್ದು ಆಮೇಲೆ. ಅಷ್ಟು ಜನರನ್ನು ಆ ನೀರಿನ ಬಳಿಗೆ ತಂದ ಬೆರ್ನದೆತ್ ತಾನು ಗುಣವಾಗಲಿಲ್ಲ. ರೋಗದಲ್ಲೇ ನರಳಿ 1879ರಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡಳು.

ಎಲ್ಲವೂ ಮರಳಿ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಯೇಸುಸಭೆಯ ಮಹಾಧಿಪತಿ ಫಾದರ್ ಪೇದ್ರೊ ಅರುಪೆಯವರು ವೈದ್ಯಕೀಯ ಓದಿದವರು, 1945ರಲ್ಲಿ ಹಿರೋಷಿಮಾದ ಗಾಯಾಳುಗಳನ್ನು ಆರೈಕೆ ಮಾಡಿದವರು, ಹಲವು ಭಾಷೆ ಬಲ್ಲವರು. 1981ರ ಆಗಸ್ಟ್ 7ರಂದು ಪಾರ್ಶ್ವವಾಯು ಬಡಿದು ಬಲಭಾಗ ಸೋತಿತು, ಮಾತು ಹೆಚ್ಚುಕಡಿಮೆ ನಿಂತೇಹೋಯಿತು. ಮುಂದೆ ಒಂಬತ್ತೂವರೆ ವರ್ಷ, 1991ರವರೆಗೆ, ಇತರರ ಆಸರೆಯಲ್ಲೇ ಬಾಳಿದರು. ಅವರ ಬೆಲೆ ಅದರಿಂದ ಕುಗ್ಗಲಿಲ್ಲ. ನಿಮ್ಮ ಮಗ ಎರಡು ಗುಂಡಿಗೇ ನಿಂತರೂ ಅಷ್ಟೇ. ಆದರೆ ಆ ಎರಡನ್ನು ಅವನಿಂದ ಕಸಿದುಕೊಳ್ಳಬೇಡಿ.

ಈಗ ರೋಗಿಗಳಿಗೆ ಅಭ್ಯಂಗ ಸಂಸ್ಕಾರ ಕೊಡುತ್ತೇನೆ. ಎದ್ದು ಬರಲಾಗದವರು ಕುಳಿತಲ್ಲೇ ಇರಿ, ನಾನೇ ಬರುತ್ತೇನೆ. ನಡೆಯಬಲ್ಲವರು ನಡೆದೇ ಬರಲಿ. ಮನೆಯವರು ಪಕ್ಕದಲ್ಲಿರಿ, ಬೀಳುವಂತಾದರೆ ಮಾತ್ರ ಹಿಡಿಯಿರಿ. ಗಾಯನ ವೃಂದದವರು ಇನ್ನೆರಡು ಹಾಡು ಸಿದ್ಧವಿಟ್ಟುಕೊಳ್ಳಿ. ಎಷ್ಟು ಹೊತ್ತಾದರೂ ಕಾಯೋಣ.