ಮೊದಲ ಕಿಲೋಮೀಟರಿನಲ್ಲಿ ಹಿಂದುಳಿಯಿರಿ



2008ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ವರ್ಲ್ಡ್ ಟೆನ್ ಕೆ ಎಂಬ ಹತ್ತು ಕಿಲೋಮೀಟರಿನ ಓಟ ಮೊದಲ ಸಲ ನಡೆಯಿತು. ಆ ವರ್ಷ ಗಂಡಸರ ವಿಭಾಗದಲ್ಲಿ ಗೆದ್ದವರು ಎರಿಟ್ರಿಯಾ ದೇಶದ ಝೆರ್ಸೆನೆ ಟಾಡೆಸೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ತಮ್ಮ ಪುಟ್ಟ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದವರು ಅವರು. ಬೆಂಗಳೂರಿನಲ್ಲಿ ಅವರು 28 ನಿಮಿಷ ತುಂಬುವ ಮೊದಲೇ ಗುರಿ ಮುಟ್ಟಿದರು. ಅದೇ ದಿನ, ಅದೇ ಊರಿನ ರಸ್ತೆಗಳಲ್ಲಿ, ಹಿಂದೆಂದೂ ಸ್ಪರ್ಧೆಯಲ್ಲಿ ಓಡಿ ಗೊತ್ತಿಲ್ಲದ ಜನಸಾಮಾನ್ಯರೂ ಓಡಿದರು. ಅವರಿಗೆ ಹೊರಡುವ ಹೊತ್ತು ಬೇರೆ ಇತ್ತು, ಅಷ್ಟೇ. ವಿಶ್ವಕಪ್ ಕ್ರಿಕೆಟ್ ನಡೆಯುವ ಅಂಗಳಕ್ಕೆ ಬ್ಯಾಟು ಹಿಡಿದು ಇಳಿಯಲು ನಮಗೆ ಯಾರೂ ಬಿಡುವುದಿಲ್ಲ. ದೂರದ ಓಟದಲ್ಲಿ ಮಾತ್ರ ಜಗತ್ತಿನ ಮೇಲ್ಮಟ್ಟದ ಓಟಗಾರನಿಗೂ ನಿನ್ನೆ ಮೊನ್ನೆ ಶೂ ಕಟ್ಟಿದವರಿಗೂ ಒಂದೇ ದಿನ ಜಾಗವಿದೆ. ನನಗೆ ಈ ಆಟದ ಮೇಲೆ ಪ್ರೀತಿ ಹುಟ್ಟಿದ್ದು ಇದಕ್ಕೇ.

ಈಗ ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲೂ ಇಂಥ ಓಟಗಳು ನಡೆಯುತ್ತಿವೆ. ಈ ಮಾತು ಕೇಳುತ್ತಿರುವವರಲ್ಲಿ ಯಾರಾದರೂ ಒಬ್ಬರು, ಹೆಸರು ಕೊಡಲೋ ಬೇಡವೋ ಎಂದು ಯೋಚಿಸುತ್ತಿರಬಹುದು. ಇವತ್ತಿನ ನಾಲ್ಕು ಮಾತು ಅವರಿಗಾಗಿ.

ಮೊದಲು ದೂರದ ವಿಚಾರ. ಐದು ಅಥವಾ ಹತ್ತು ಕಿಲೋಮೀಟರಿನ ಓಟ ಆರಿಸಿಕೊಳ್ಳಿ. ಗೆಳೆಯರ ಜೊತೆ ಸೇರಿ ಮೊದಲ ಸಲಕ್ಕೇ ಹಾಫ್ ಮ್ಯಾರಥಾನಿಗೆ, ಅಂದರೆ ಇಪ್ಪತ್ತೊಂದು ಕಿಲೋಮೀಟರಿಗೆ, ಹೆಸರು ಬರೆಸುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಅಭ್ಯಾಸ ಶುರುಮಾಡಿದ ಕೆಲವೇ ವಾರಗಳಲ್ಲಿ ಹೃದಯ, ಶ್ವಾಸಕೋಶಗಳು ಹೊಸ ಕೆಲಸಕ್ಕೆ ಹೊಂದಿಕೊಳ್ಳುತ್ತವೆ, ಏದುಸಿರು ಕಡಿಮೆಯಾಗುತ್ತದೆ. ಮಾಂಸಖಂಡವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುಗಳೂ ಮೂಳೆಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ‘ಓಡು’ ಎನ್ನುತ್ತದೆ, ಮೊಣಕಾಲು, ಹಿಮ್ಮಡಿ ಇನ್ನೂ ಸಿದ್ಧವಾಗಿರುವುದಿಲ್ಲ. ಹೊಸಬರಿಗೆ ಬರುವ ನೋವುಗಳಲ್ಲಿ ಹಲವು ಈ ಅಂತರದಲ್ಲೇ ಹುಟ್ಟುತ್ತವೆ. ಆದ್ದರಿಂದ ವಾರಕ್ಕೆ ಮೂರು ದಿನ, ಪಕ್ಕದವರ ಜೊತೆ ಮಾತಾಡಿಕೊಂಡು ಓಡಬಹುದಾದಷ್ಟೇ ವೇಗದಲ್ಲಿ, ನಡುನಡುವೆ ನಡೆಯುತ್ತಾ ಅಭ್ಯಾಸ ಮಾಡಿದರೆ ಸಾಕು. ನಲವತ್ತು ದಾಟಿದವರು, ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಇರುವವರು ಮೊದಲು ವೈದ್ಯರನ್ನು ಕಂಡು ಬನ್ನಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೆ ನಿಲ್ಲಿಸಿ. ಮುಗಿಸಲೇಬೇಕು ಎಂಬ ಹಟ ಅಲ್ಲಿ ಬೇಡ.

ಇನ್ನು ಓಟದ ದಿನಕ್ಕೆ ಬರೋಣ. ಮನೆ ಹತ್ತಿರದ ಮೈದಾನದಲ್ಲೋ ಕೆರೆಯ ಏರಿಯ ಮೇಲೋ ಒಬ್ಬರೇ ಓಡಿ ಅಭ್ಯಾಸ ಮಾಡಿದವರಿಗೆ ಅಂದು ಹೊಸದಾಗಿ ಎದುರಾಗುವುದು ಜನ. ಬೆಳಕು ಹರಿಯುವ ಮೊದಲೇ ಸಾವಿರಾರು ಮಂದಿ ಸೇರಿರುತ್ತಾರೆ. ಎದೆಯ ಮೇಲೆ ಪಿನ್ನು ಹಾಕಿ ಸಿಕ್ಕಿಸಿದ ನಂಬರಿನ ಬಿಬ್, ಶೌಚಾಲಯದ ಮುಂದೆ ಉದ್ದನೆಯ ಸಾಲು, ಧ್ವನಿವರ್ಧಕದ ಅಬ್ಬರ. ಜಾತ್ರೆಯಲ್ಲಿ ತೇರಿನ ಹಿಂದೆ ಹೊರಟವರು ತಾವಾಗಿ ನಡೆಯುವುದಿಲ್ಲ, ಜನರೇ ಅವರನ್ನು ನಡೆಸಿಕೊಂಡು ಹೋಗುತ್ತಾರೆ. ಓಟ ಶುರುವಾದಾಗ ಆಗುವುದೂ ಅದೇ. ಎಲ್ಲರೂ ಮುಂದೆ ನುಗ್ಗುತ್ತಾರೆ, ನಮ್ಮ ಕಾಲೂ ನುಗ್ಗುತ್ತದೆ. ಆಯಾಸವೇ ಗೊತ್ತಾಗುವುದಿಲ್ಲ.

ಗೊತ್ತಾಗದಿರಲು ಕಾರಣವಿದೆ. ಉತ್ಸಾಹದಲ್ಲಿ ಮೈಯಲ್ಲಿ ಅಡ್ರಿನಲಿನ್ ಏರಿರುತ್ತದೆ. ಓಟ ಶುರುವಾದ ಮೊದಲ ಎರಡು ಮೂರು ನಿಮಿಷ, ಮಾಂಸಖಂಡ ಕೇಳುವಷ್ಟು ಆಮ್ಲಜನಕವನ್ನು ಉಸಿರು, ರಕ್ತ ಇನ್ನೂ ಒದಗಿಸಲಾರವು. ಆ ಕೊರತೆಯನ್ನು ದೇಹ ತನ್ನಲ್ಲಿ ಮೊದಲೇ ಕೂಡಿಟ್ಟ ಶಕ್ತಿಯಿಂದ ತುಂಬಿಕೊಳ್ಳುತ್ತದೆ. ಹಾಗಾಗಿ ಆ ಹೊತ್ತಿನಲ್ಲಿ ಸಲೀಸು ಎನ್ನಿಸುವ ವೇಗ ನಿಜವಾಗಿ ನಮ್ಮ ವೇಗವೇ ಅಲ್ಲ. ಅದರ ಲೆಕ್ಕ ಮೂರನೆಯ, ನಾಲ್ಕನೆಯ ಕಿಲೋಮೀಟರಿನಲ್ಲಿ ತಿಳಿಯುತ್ತದೆ. ತೊಡೆ ಕಲ್ಲಾಗುತ್ತದೆ, ಉಸಿರು ಕಟ್ಟುತ್ತದೆ, ‘ನನ್ನ ಕೈಲಾಗದು’ ಎಂಬ ಮಾತು ಬಾಯಿಗೆ ಬರುತ್ತದೆ. ಹೀಗೆ ಅರ್ಧದಲ್ಲೇ ಸೋತು ಕೂತವರನ್ನು ನಾನು ಎಷ್ಟೋ ಓಟಗಳಲ್ಲಿ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಶಕ್ತಿ ಕಡಿಮೆಯಿರಲಿಲ್ಲ. ಪಕ್ಕದವರ ವೇಗವನ್ನು ತಮ್ಮದೆಂದು ನಂಬಿಬಿಟ್ಟಿದ್ದರು.

ಅದಕ್ಕಾಗಿ ನಾನು ಹೇಳುವುದು, ಹಿಂದೆ ನಿಲ್ಲಿ. ಇದರಿಂದ ಏನೂ ನಷ್ಟವಿಲ್ಲ. ದೊಡ್ಡ ಓಟಗಳಲ್ಲಿ ಆ ಬಿಬ್‌ಗೇ ಒಂದು ಚಿಪ್ ಅಂಟಿಸಿರುತ್ತಾರೆ. ಆರಂಭದ ಗೆರೆಯಲ್ಲಿ ಹಾಸಿದ ಮ್ಯಾಟನ್ನು ನೀವು ತುಳಿದು ದಾಟಿದ ಕ್ಷಣದಿಂದ ನಿಮ್ಮ ಹೊತ್ತು ಲೆಕ್ಕಕ್ಕೆ ಬರುತ್ತದೆ. ಮುಂದಿನವರು ಹೊರಟು ಹತ್ತು ನಿಮಿಷವಾದ ಮೇಲೆ ನೀವು ಅಲ್ಲಿಗೆ ತಲುಪಿದರೂ ಆ ಹತ್ತು ನಿಮಿಷ ನಿಮ್ಮ ಖಾತೆಗೆ ಸೇರುವುದಿಲ್ಲ. ಹೊಸಬರಿಗೆ ಇಷ್ಟು ಉಪಕಾರ ಮಾಡಿದ ಉಪಕರಣ ಇನ್ನೊಂದಿಲ್ಲವೆಂದು ನನ್ನ ನಂಬಿಕೆ. ಮೊದಲ ಕಿಲೋಮೀಟರ್ ಪೂರ್ತಿ ಜನ ನಿಮ್ಮನ್ನು ದಾಟಿ ಹೋಗಲಿ. ಅಜ್ಜಂದಿರು ದಾಟಲಿ, ಮಕ್ಕಳು ದಾಟಲಿ. ನೀವು ಮೈದಾನದಲ್ಲಿ ಅಭ್ಯಾಸ ಮಾಡಿದ ನಿಮ್ಮ ವೇಗದಲ್ಲೇ ಇರಿ.

ನೀರಿನ ವಿಷಯದಲ್ಲೂ ಹೀಗೆಯೇ. ದಾರಿಯಲ್ಲಿ ಅಲ್ಲಲ್ಲಿ ನೀರಿಟ್ಟಿರುತ್ತಾರೆ, ಎಲ್ಲರೂ ಕುಡಿಯುತ್ತಾರೆಂದು ನಾವೂ ಪ್ರತಿ ಸಲ ಕುಡಿಯುತ್ತೇವೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ವೈದ್ಯ ಸಂಶೋಧಕರು 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಇಳಿದಿತ್ತು. ಅದಕ್ಕೆ ಮುಖ್ಯ ಕಾರಣ ಅತಿಯಾಗಿ ಕುಡಿದದ್ದು. ಹತ್ತು ಕಿಲೋಮೀಟರಿನಲ್ಲಿ ಈ ಅಪಾಯ ಬಹಳ ಕಡಿಮೆ. ಆದರೂ ಬಾಯಾರಿದಾಗ, ಬಾಯಾರಿದಷ್ಟೇ ಕುಡಿಯುವುದು ಒಳ್ಳೆಯದು.

ಹೀಗೆಂದರೆ ಜನರನ್ನು ದೂರವಿಡಿ ಎಂದು ಅರ್ಥವಾಗಬಾರದು. ಓಟದ ಎರಡನೆಯ ಅರ್ಧಕ್ಕೆ ಬಂದಾಗ ಇದೇ ಜನ ಬೇಕಾಗುತ್ತಾರೆ.

ಇಲ್ಲಿ ಬಾಬಿ ಗಿಬ್ ಎಂಬ ಅಮೆರಿಕದ ಹೆಣ್ಣುಮಗಳನ್ನು ನೆನೆಯಬೇಕು. 1966ರಲ್ಲಿ ಅವರು ಬೋಸ್ಟನ್ ಮ್ಯಾರಥಾನಿಗೆ ಅರ್ಜಿ ಬರೆದರು. ಹೆಂಗಸರ ದೇಹಕ್ಕೆ ಅಷ್ಟು ದೂರ ಓಡುವ ತಾಕತ್ತಿಲ್ಲ ಎಂಬ ಉತ್ತರ ಬಂತು. ಆಗ ಅವರಿಗೆ 23 ವರ್ಷ. ಕ್ಯಾಲಿಫೋರ್ನಿಯಾದಿಂದ ಹಗಲು ರಾತ್ರಿ ಬಸ್ಸಿನಲ್ಲಿ ಕೂತು, ಇಡೀ ದೇಶ ದಾಟಿ ಬಂದರು. ಸಹೋದರನ ಚಡ್ಡಿ, ಮೇಲೆ ತಲೆ ಮುಚ್ಚುವ ಅಂಗಿ ತೊಟ್ಟು, ಓಟ ಹೊರಡುವ ಜಾಗದ ಹತ್ತಿರ ಪೊದೆಯಲ್ಲಿ ಅಡಗಿ ಕೂತರು. ಗಂಡಸರ ಗುಂಪು ಸ್ವಲ್ಪ ಮುಂದೆ ಹೋದ ಮೇಲೆ ಮೆಲ್ಲನೆ ಅದರೊಳಗೆ ಸೇರಿಕೊಂಡರು. ಅವರಿಗಿದ್ದ ಭಯ ಒಂದೇ, ಹೆಣ್ಣೆಂದು ತಿಳಿದರೆ ಹೊರಗೆ ದಬ್ಬುತ್ತಾರೆ. ಹಿಂದೆ ಓಡುತ್ತಿದ್ದವರಿಗೆ ಬೇಗನೆ ತಿಳಿದೇ ಹೋಯಿತು. ಅವರು ದೂರು ಹೇಳಲಿಲ್ಲ. ಯಾರೂ ನಿಮ್ಮನ್ನು ಹೊರಹಾಕದಂತೆ ನಾವು ನೋಡಿಕೊಳ್ಳುತ್ತೇವೆ ಎಂದು ಧೈರ್ಯ ಕೊಟ್ಟರು. ಸೆಕೆಗೆ ಮೇಲಂಗಿ ತೆಗೆದು ಓಡಿದ ಬಾಬಿಯನ್ನು ನೋಡಿ ರಸ್ತೆ ಬದಿಯ ಜನ ಕೂಗಿ ಹುರಿದುಂಬಿಸಿದರು. ಮೂರು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ, ನೂರಾರು ಗಂಡಸರಿಗಿಂತ ಮೊದಲೇ ಅವರು ಗುರಿ ಮುಟ್ಟಿದರು. ಅದು ಅವರ ಮೊದಲ ಮ್ಯಾರಥಾನ್. ಬೋಸ್ಟನ್ನಿನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ಗೆ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ. ನಿಯಮ ಬದಲಾಗುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಜೊತೆಯಲ್ಲಿ ಓಡುತ್ತಿದ್ದವರ ಮನಸ್ಸು ಮೊದಲ ಕೆಲವು ಮೈಲಿಗಳಲ್ಲೇ ಬಾಬಿಯ ಪರ ನಿಂತಿತ್ತು.

ಆ ಗುಣ ಇವತ್ತಿಗೂ ಓಟಗಾರರಲ್ಲಿ ಉಳಿದಿದೆ. ನನಗೆ ಪರಿಚಯದ ಶಾಲಾ ಶಿಕ್ಷಕಿಯೊಬ್ಬರು ಐವತ್ತು ದಾಟಿದ ಮೇಲೆ ಮೊದಲ ಹತ್ತು ಕಿಲೋಮೀಟರ್ ಓಡಿದರು. ಏಳನೆಯ ಕಿಲೋಮೀಟರಿನ ಏರಿನಲ್ಲಿ ಅವರು ಸೊಂಟಕ್ಕೆ ಕೈ ಕೊಟ್ಟು ನಿಂತಾಗ, ಹಿಂದಿನಿಂದ ಬಂದ ಕಾಲೇಜು ಹುಡುಗಿಯೊಬ್ಬಳು, “ಆಂಟಿ, ನಿಲ್ಲಬೇಡಿ, ಆ ಲೈಟು ಕಂಬದ ತನಕ ನಡೆಯೋಣ, ಆಮೇಲೆ ಓಡೋಣ” ಎಂದಳಂತೆ. ಇಬ್ಬರೂ ನಡೆದರು, ಓಡಿದರು, ಮತ್ತೆ ನಡೆದರು. ಹುಡುಗಿ ತನ್ನ ಹೊತ್ತನ್ನು ಇವರಿಗಾಗಿ ಬಿಟ್ಟುಕೊಟ್ಟಿದ್ದಳು. ಹೆಸರು ಕೇಳುವುದಕ್ಕೂ ಇವರಿಗೆ ಉಸಿರಿರಲಿಲ್ಲ. ಗುರಿಯ ಹತ್ತಿರದ ನೂಕುನುಗ್ಗಲಿನಲ್ಲಿ ಇಬ್ಬರೂ ಬೇರೆಯಾದರು. ಆ ಮೇಷ್ಟ್ರಮ್ಮ ಈಗಲೂ ತಮ್ಮ ಪದಕ ತೋರಿಸುವಾಗ ಮೊದಲು ಆ ಹುಡುಗಿಯ ಮಾತನ್ನೇ ಹೇಳುತ್ತಾರೆ.

ವಯಸ್ಸಾಯಿತು ಎನ್ನುವವರಿಗೆ ಫೌಜಾ ಸಿಂಗ್ ಅವರ ಹೆಸರೊಂದು ಸಾಕು. ಪಂಜಾಬಿನ ಜಲಂಧರ್ ಜಿಲ್ಲೆಯ ರೈತ ಅವರು. ಮಗನ ಸಾವಿನ ದುಃಖ ಹೊತ್ತು ಲಂಡನ್ನಿನಲ್ಲಿ ನೆಲೆಸಿ, 2000ದಲ್ಲಿ, 89ನೆಯ ವಯಸ್ಸಿನಲ್ಲಿ, ಅಲ್ಲಿಯ ಮ್ಯಾರಥಾನನ್ನು ಸುಮಾರು ಏಳು ಗಂಟೆಯಲ್ಲಿ ಮುಗಿಸಿದರು. ಅವರೂ ಒಂಟಿಯಾಗಿರಲಿಲ್ಲ. ತರಬೇತುದಾರರಿದ್ದರು, ಓಡುವ ಹಿರಿಯ ಸಿಖ್ಖರ ಒಂದು ಬಳಗವೇ ಇತ್ತು. 2011ರಲ್ಲಿ, ನೂರು ತುಂಬಿದ ಮೇಲೆ, ಟೊರಾಂಟೊದಲ್ಲಿ ಮತ್ತೆ ಮ್ಯಾರಥಾನ್ ಓಡಿದರು. ಜನನ ಪತ್ರ ಇಲ್ಲದ್ದರಿಂದ ಗಿನ್ನೆಸ್ ಅದನ್ನು ದಾಖಲೆಗೆ ಸೇರಿಸಲಿಲ್ಲ. 2025ರ ಜುಲೈನಲ್ಲಿ ತಮ್ಮೂರಿನ ಬಳಿ ವಾಹನವೊಂದು ಗುದ್ದಿ ಅವರು ತೀರಿಕೊಂಡರು.

ಓಟ ಮುಗಿದ ಮೇಲೆ ಕುತ್ತಿಗೆಗೆ ಪದಕ ಹಾಕುತ್ತಾರೆ. ನಿಮಿಷದ ಲೆಕ್ಕ ಫೋನಿಗೆ ಬರುತ್ತದೆ. ಮೊದಲ ಓಟದಲ್ಲಿ ಆ ಲೆಕ್ಕವನ್ನು ಯಾರ ಲೆಕ್ಕದ ಪಕ್ಕದಲ್ಲೂ ಇಟ್ಟು ನೋಡಬೇಡಿ. ತಕ್ಷಣ ಕುಳಿತುಬಿಡದೆ ಸ್ವಲ್ಪ ಹೊತ್ತು ನಡೆದಾಡಿ, ಮೀನಖಂಡ ನೀವಿಕೊಳ್ಳಿ, ತಿಂಡಿ ತಿನ್ನಿ.

ಕೊನೆಯದಾಗಿ ಎರಡು ವಿನಂತಿ. ಓಟ ಏರ್ಪಡಿಸುವವರೇ, ನಿಗದಿ ಮಾಡಿದ ಹೊತ್ತು ಮುಗಿಯುವ ಮೊದಲೇ ಹಿಂದಿನವರ ಪಾಲಿನ ನೀರನ್ನೂ ಗುರಿಯ ಕಮಾನನ್ನೂ ತೆಗೆಯಬೇಡಿ. ಅವರೂ ಅಷ್ಟೇ ಶುಲ್ಕ ಕಟ್ಟಿ ಬಂದವರು, ಅವರಲ್ಲಿ ಹೆಚ್ಚಿನವರಿಗೆ ಅದು ಮೊದಲ ಓಟ. ಓಡದೇ ನೋಡಲು ಬಂದ ಸ್ನೇಹಿತರೇ, ನಿಮ್ಮೂರಿನಲ್ಲಿ ಓಟವಿರುವ ಭಾನುವಾರ ಮೊದಲು ಬಂದ ಹತ್ತು ಜನರನ್ನು ನೋಡಿ ಮನೆಗೆ ಹೊರಡಬೇಡಿ. ಒಂದು ಗಂಟೆ ಹೆಚ್ಚು ನಿಲ್ಲಿ. ಹಿಂದೆ ಬರುತ್ತಿರುವವರ ಎದೆಯ ಮೇಲಿನ ಬಿಬ್‌ನಲ್ಲಿ ಹೆಸರು ಬರೆದಿದ್ದರೆ ಅದನ್ನು ಓದಿ, ಆ ಹೆಸರು ಹಿಡಿದು ಕೂಗಿ, ಕೊನೆಯವರು ಗೆರೆ ದಾಟುವ ತನಕ ಚಪ್ಪಾಳೆ ತಟ್ಟಿ.