ಚೈತನ್ಯವೂ ಮಿದುಳೂ



ಈ ಸಿದ್ದಾಪುರದ ಸಮೀಪದ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಎಂಬ ಆಂಗ್ಲ ಪುರಾತತ್ತ್ವಜ್ಞರು ಬೃಹತ್ ಶಿಲಾಸಮಾಧಿಗಳನ್ನು ಅಗೆಯಿಸಿದರು. ಅಸ್ಥಿಗಳೊಡನೆ ಮಡಕೆಗಳೂ ಕಬ್ಬಿಣದ ಉಪಕರಣಗಳೂ ದೊರೆತವು. ಮರಣದಿಂದ ಎಲ್ಲವೂ ಮುಗಿಯದೆಂಬ ನಂಬುಗೆ ಆ ಜನರಿಗೂ ಇದ್ದಿರಬೇಕು. ಆದರೆ ನಂಬುಗೆಯೇ ಪ್ರಮಾಣವಾಗದು.

ವೈದ್ಯಶಾಸ್ತ್ರವು ಹೇಳುವುದೇನು? ಮಿದುಳಿಗೆ ರಕ್ತವು ನಿಂತರೆ ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪುವುದು; ಅದಕ್ಕೆ ಪೆಟ್ಟಾದರೆ ನೆನಪು ಮಾತ್ರವಲ್ಲ, ಸ್ವಭಾವವೂ ಮಾರ್ಪಡಬಹುದು. ತಂತಿ ಹರಿದರೆ ವೈಣಿಕನು ಸಾಯುವನೇ ಎಂದು ನಾವು ಕೇಳುವುದುಂಟು. ಪ್ರಶ್ನೆ ಯುಕ್ತವೇ, ಆದರೆ ವೈಣಿಕನ ಮನೋಧರ್ಮವೇ ಬದಲಾಗುವುದಕ್ಕೆ ಆ ದೃಷ್ಟಾಂತವು ಉತ್ತರ ಕೊಡದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಸತ್ವಂತ್ ಪಸ್ರೀಚಾ ಅವರು, ಸತ್ತು ಬದುಕಿದೆವೆಂದವರ ಅನುಭವಗಳನ್ನು ಹಳ್ಳಿಗಳಲ್ಲಿ ಸಂಗ್ರಹಿಸಿದರು. ಹಿಂದಿರುಗಿದವರ ಮಿದುಳು ಪೂರ್ಣವಾಗಿ ಅಳಿದಿರಲಿಲ್ಲವಾದುದರಿಂದ ಅದೂ ನಿರ್ಣಾಯಕವಲ್ಲ. ಆದಕಾರಣ ಲಿಂಗೈಕ್ಯವು ಶ್ರದ್ಧೆಯ, ಅನುಭಾವದ ವಿಷಯ. ಪ್ರಯೋಗಶಾಲೆಯ ಸಾಕ್ಷ್ಯದ ಮೇಲೆ ಅದನ್ನು ನಿಲ್ಲಿಸತಕ್ಕದ್ದಲ್ಲ.

ಆದರೆ ಕರ್ತವ್ಯವು ಕಾಯುವುದಿಲ್ಲ. 1994ರ ಶಾಸನವು ಮಿದುಳುಕಾಂಡದ ಮರಣವನ್ನೂ ಮರಣವೆಂದು ಅಂಗೀಕರಿಸಿದೆ. ಎದೆ ಬಡಿಯುತ್ತಿರುವಾಗಲೇ ಬಂಧುಗಳು ಅಂಗದಾನದ ಮಾತಿಗೆ ಉತ್ತರ ಕೊಡಬೇಕಾಗುವುದು. 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಆ ದುಃಖದಲ್ಲಿಯೂ ಸಮ್ಮತಿಸಿದರು. ಚೈತನ್ಯವು ಮಿದುಳಿನೊಡನೆ ಅಳಿದಿದ್ದರೆ ನೋಯುವವರಿಲ್ಲ. ಲಿಂಗದಲ್ಲಿ ಬೆರೆತಿದ್ದರೆ ಅದಕ್ಕೆ ದೇಹದ ಹಂಗಿಲ್ಲ. ಎರಡು ಪಕ್ಷದಲ್ಲಿಯೂ ದಾನಕ್ಕೆ ಬಾಧಕವಿಲ್ಲ; ಉಳಿದ ಕಾಯಕ್ಕೆ ಸಮಾಧಿಕ್ರಿಯೆಯೂ ತಪ್ಪುವುದಿಲ್ಲ. ಕಾಯದ ಕಡೆಯ ದಾಸೋಹವಿದು. ಆರೋಗ್ಯವಿರುವಾಗಲೇ ಮನೆಯವರೊಡನೆ ಇದನ್ನು ವಿಚಾರಮಾಡಿಕೊಳ್ಳಿರಿ.